ಒಂದು ಬಳ್ಳಿಗೆ ಒಂದೇ ಗ್ಲಾಸ್: ಶಾತೋ ಡಿಕೆಮ್‌ನ ಮಣ್ಣು, ಮಂಜು ಮತ್ತು ಬೂಷ್ಟು

2012ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಒಂದು ಹಳೆಯ ವೈನ್ ಎಸ್ಟೇಟ್, ಈ ವರ್ಷದ ಬೆಳೆಯಿಂದ ನಮ್ಮ ಹೆಸರಿನ ವೈನ್ ಬರುವುದಿಲ್ಲ ಎಂದು ಹೇಳಿಬಿಟ್ಟಿತು. ತೋಟಕ್ಕೆ ರೋಗ ಬಂದಿರಲಿಲ್ಲ. ಬಳ್ಳಿಗಳು ಒಣಗಿರಲಿಲ್ಲ. ದ್ರಾಕ್ಷಿಯೂ ಬಿಟ್ಟಿತ್ತು. ಆದರೆ ಅಕ್ಟೋಬರ್‌ನಲ್ಲಿ ಬೇಕಾದ ಬಿಸಿಲು ಬರದೆ, ಬೇಡದ ಮಳೆ ಬಂತು. ಬಂದದ್ದನ್ನು ಬಾಟಲಿಗೆ ತುಂಬಿ ಮಾರಿದ್ದರೆ ಜನ ಕೊಳ್ಳುತ್ತಲೂ ಇದ್ದರು, ಯಾಕಂದ್ರೆ ಆ ಹೆಸರಿಗೆ ಅಷ್ಟು ಬೆಲೆ ಇದೆ. ಆದರೂ ಮಾರಲಿಲ್ಲ.

ಆ ಎಸ್ಟೇಟಿನ ಹೆಸರು ಶಾತೋ ಡಿಕೆಮ್. ಹೀಗೆ ಇಡೀ ವರ್ಷದ ಬೆಳೆಯನ್ನು ಕೈಬಿಟ್ಟದ್ದು ಅವರಿಗೆ ಹೊಸದೇನಲ್ಲ. 1910, 1915, 1930, 1951, 1952, 1964, 1972, 1974, 1992, ಆಮೇಲೆ 2012. ಈ ವರ್ಷಗಳ ಡಿಕೆಮ್ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ವರ್ಷದ ದುಡಿಮೆಯನ್ನೇ ಬಿಟ್ಟುಕೊಡುವಷ್ಟು ಹಟ ಯಾಕೆ? ಅಲ್ಲಿ ವೈನ್ ಹೇಗೆ ಆಗುತ್ತದೆ ಅಂತ ಗೊತ್ತಾದರೆ ಇದಕ್ಕೆ ಉತ್ತರ ಸಿಗುತ್ತದೆ. ವೈನ್ ಕುಡಿಯದವರಿಗೂ ಈ ಕಥೆ ರುಚಿಸುತ್ತದೆ ಎಂಬ ನಂಬಿಕೆ ನನಗಿದೆ. ಇದರಲ್ಲಿ ಕುಡಿಯುವ ವಿಷಯಕ್ಕಿಂತ ಮಣ್ಣು, ನೀರು, ಹವೆ, ಕಾಯುವಿಕೆಯ ವಿಷಯವೇ ಜಾಸ್ತಿ.

ಫ್ರಾನ್ಸಿನ ನೈರುತ್ಯದಲ್ಲಿ ಬೋರ್ಡೊ ನಗರವಿದೆ. ಕೆಂಪು ವೈನ್‌ಗೆ ಜಗತ್ತಿನಲ್ಲೇ ಹೆಸರಾದ ಊರು. ಅಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸೋತೆರ್ನ್ ಎಂಬ ಸಣ್ಣ ಹಳ್ಳಿ ಸಿಗುತ್ತದೆ. ಇಲ್ಲಿಯೂ ಸುತ್ತಲಿನ ಬಾರ್ಸಾಕ್, ಬೊಮ್, ಫಾರ್ಗ್, ಪ್ರೆನ್ಯಾಕ್ ಎಂಬ ಊರುಗಳಲ್ಲಿಯೂ ಮಾಡುವುದು ಸಿಹಿಯಾದ ಬಿಳಿ ವೈನ್. ಈ ಐದೂ ಊರಿನ ಸಿಹಿ ವೈನ್‌ಗೆ ಸೋತೆರ್ನ್ ಎಂದೇ ಹೆಸರು. ಸಕ್ಕರೆ ಬೆರೆಸಿ ಸಿಹಿ ಮಾಡಿದ್ದಲ್ಲ. ದ್ರಾಕ್ಷಿಯ ಮೇಲೆ ಬೂಷ್ಟು ಬೆಳೆದು, ಹಣ್ಣು ಸುಕ್ಕಿ, ಒಳಗಿನ ರಸ ಗಟ್ಟಿಯಾಗಿ ಬಂದ ಸಿಹಿ. ಹೌದು, ಬೂಷ್ಟೇ. ಹಣ್ಣಿನ ಮೇಲೆ ಕಂಡರೆ ನಾವು ಬಿಸಾಡುವ ಅದೇ ಬೂದು ಬಣ್ಣದ ಬೂಷ್ಟು.

ಮಂಜು ಎಲ್ಲಿಂದ ಬರುತ್ತದೆ

ಆ ಶಿಲೀಂಧ್ರದ ಹೆಸರು ಬೋಟ್ರೈಟಿಸ್ ಸಿನೆರಿಯಾ. ದ್ರಾಕ್ಷಿ ಬೆಳೆಯುವ ಹೆಚ್ಚಿನ ಊರುಗಳಲ್ಲಿ ಇದು ಇದ್ದೇ ಇರುತ್ತದೆ, ಸ್ಟ್ರಾಬೆರಿಯನ್ನೂ ಬಿಡುವುದಿಲ್ಲ. ಬೆಳೆಗಾರರಿಗೆ ಇದು ಶತ್ರು. ಎಡೆಬಿಡದೆ ಮಳೆ ಬಂದು ಗೊಂಚಲು ಒದ್ದೆಯಾಗಿಯೇ ಉಳಿದರೆ ಬೂಷ್ಟು ಮಿತಿಮೀರಿ ಬೆಳೆಯುತ್ತದೆ. ಸಿಪ್ಪೆ ಒಡೆಯುತ್ತದೆ, ಒಳಗೆ ಬ್ಯಾಕ್ಟೀರಿಯಾ ಸೇರಿ ಹಣ್ಣು ವಿನೆಗರ್ ವಾಸನೆ ಹೊಡೆಯುತ್ತದೆ. ಆಗ ಅದು ಬರೀ ಕೊಳೆತ.

ಸೋತೆರ್ನ್‌ನಲ್ಲಿ ಅದೇ ಬೂಷ್ಟು ಬೇರೆ ರೀತಿ ನಡೆದುಕೊಳ್ಳುವುದಕ್ಕೆ ಮುಖ್ಯ ಕಾರಣ ಎರಡು ನದಿಗಳು. ಒಂದು ಗರೋನ್. ದೊಡ್ಡ ನದಿ, ಅಗಲವಾದ ಪಾತ್ರ, ಬಿಸಿಲಿಗೆ ತೆರೆದುಕೊಂಡು ಹರಿಯುವುದರಿಂದ ನೀರು ಬೆಚ್ಚಗೆ. ಇನ್ನೊಂದು ಸಿರೋನ್, ಅದರ ಉಪನದಿ. ಇದು ಸಣ್ಣದು. ಲಾಂದ್ ಎಂಬ ಮರಳು ನೆಲದ ಪೈನ್ ಕಾಡಿನ ಕಡೆಯಿಂದ ಹೊರಟು, ದಾರಿಯುದ್ದಕ್ಕೂ ಮರಗಳ ನೆರಳಲ್ಲೇ ಬರುತ್ತದೆ. ನೆಲದೊಳಗಿನ ಒರತೆಯ ನೀರೇ ಇದಕ್ಕೆ ಆಸರೆ. ಹಾಗಾಗಿ ಬೇಸಿಗೆ ಮುಗಿದ ಮೇಲೂ ಇದರ ನೀರು ತಣ್ಣಗೇ ಇರುತ್ತದೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಅಲ್ಲಿ ರಾತ್ರಿಗಳು ತಣ್ಣಗಾಗುತ್ತವೆ. ತಣ್ಣನೆಯ ಸಿರೋನ್ ಬೆಚ್ಚಗಿನ ಗರೋನ್‌ಗೆ ಸೇರುವ ಕಡೆ ಗಾಳಿಯಲ್ಲಿರುವ ತೇವ ಮಂಜಾಗುತ್ತದೆ. ನಸುಕಿನಲ್ಲಿ ಆ ಮಂಜು ಕಣಿವೆ ತುಂಬಿಕೊಂಡು ದ್ರಾಕ್ಷಿ ತೋಟಗಳ ಮೇಲೆ ಹರಡುತ್ತದೆ. ಬೂಷ್ಟಿಗೆ ಬೇಕಾದ ತೇವ ಸಿಕ್ಕಿತು. ಆದರೆ ಸೂರ್ಯ ಮೇಲೇರಿದ ಹಾಗೆ ಮಂಜು ಕರಗುತ್ತದೆ. ಮಧ್ಯಾಹ್ನ ಬಿಸಿಲು, ಗಾಳಿ. ಗೊಂಚಲು ಒಣಗುತ್ತದೆ, ಬೂಷ್ಟಿನ ಓಟಕ್ಕೆ ಬ್ರೇಕ್ ಬೀಳುತ್ತದೆ. ಮರುದಿನ ಬೆಳಗ್ಗೆ ಮತ್ತೆ ಮಂಜು. ಹೀಗೆ ದಿನ ದಿನ ಅರ್ಧ ಹೊತ್ತು ತೇವ, ಅರ್ಧ ಹೊತ್ತು ಒಣ ಹವೆ. ಈ ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ. ಬರೀ ತೇವ ಇದ್ದರೆ ಹಣ್ಣು ಕೊಳೆಯುತ್ತದೆ. ಬರೀ ಒಣ ಹವೆ ಇದ್ದರೆ ಬೂಷ್ಟೇ ಹಿಡಿಯುವುದಿಲ್ಲ.

ಒಂದು ಕಾಳಿನೊಳಗೆ ಏನಾಗುತ್ತದೆ

ಡಿಕೆಮ್‌ನಲ್ಲಿ ಬೆಳೆಯುವುದು ಎರಡೇ ತಳಿ. ಮುಕ್ಕಾಲು ಪಾಲಿಗಿಂತ ಕಮ್ಮಿ ಇಲ್ಲದಷ್ಟು ಸೆಮಿಯೋಂ, ಉಳಿದದ್ದು ಸೋವಿನ್ಯೋ ಬ್ಲಾಂ. ಸೆಮಿಯೋಂ ವೈನ್‌ಗೆ ಮೈ, ಅಂದರೆ ನಾಲಿಗೆಗೆ ಗಟ್ಟಿ ಅನ್ನಿಸುವ ಗುಣ ಕೊಡುತ್ತದೆ, ಸೋವಿನ್ಯೋ ಪರಿಮಳ ಕೊಡುತ್ತದೆ. ಸೆಮಿಯೋಂ ಸಿಪ್ಪೆ ತೆಳ್ಳಗೆ. ಬೂಷ್ಟಿಗೆ ಬೇಗ ದಾರಿ ಬಿಡುತ್ತದೆ.

ಮೊದಲು ಹಣ್ಣು ಪೂರ್ತಿ ಮಾಗಿರಬೇಕು. ಇದು ಬಹಳ ಮುಖ್ಯ. ಕಾಯಿಗೇ ಬೂಷ್ಟು ಹಿಡಿದರೆ ಏನೂ ಉಪಯೋಗವಿಲ್ಲ. ಹೊಂಬಣ್ಣಕ್ಕೆ ತಿರುಗಿದ ಕಾಳಿನ ಮೇಲೆ ಮೊದಲು ಕಂದು ಚುಕ್ಕೆಗಳು ಕಾಣಿಸುತ್ತವೆ. ಕೆಲವು ದಿನಗಳಲ್ಲಿ ಇಡೀ ಕಾಳು ನೇರಳೆ ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗಲೂ ಅದು ದುಂಡಗೇ ಇರುತ್ತದೆ. ಒಳಗೆ ಮಾತ್ರ ಬೂಷ್ಟಿನ ಎಳೆಗಳು ಸಿಪ್ಪೆಯನ್ನು ಸಣ್ಣ ಸಣ್ಣದಾಗಿ ತೂತು ಮಾಡಿಯಾಗಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಅದರಿಂದ ರಸ ಸೋರುವುದಿಲ್ಲ, ನೀರಿನ ಅಂಶ ಮಾತ್ರ ಆವಿಯಾಗಿ ಹೋಗುತ್ತದೆ. ಕಾಳು ಸುಕ್ಕುತ್ತದೆ, ಮೇಲೆ ಬೂದಿ ಬಣ್ಣದ ರೋಮ ಬಂದಂತಾಗುತ್ತದೆ. ನೋಡಲು ಚೆಂದವಿಲ್ಲ. ಆದರೆ ಕೊಯ್ಲಿಗೆ ಬೇಕಾದದ್ದು ಈ ಹಂತದ ಕಾಳೇ.

ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುವವರು ಗೊಂಚಲನ್ನು ಮೊದಲು ಪೊಟ್ಯಾಷಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ನೀರು ಬೇಗ ಹೊರಹೋಗಲಿ ಅಂತ. ಆಮೇಲೆ ಶೆಡ್‌ನ ನೆರಳಲ್ಲಿ ಒಣಗಿಸುತ್ತಾರೆ. ಸೋತೆರ್ನ್‌ನಲ್ಲಿ ಆ ಕೆಲಸವನ್ನು ಬೂಷ್ಟು ಮಾಡುತ್ತದೆ, ಹಣ್ಣು ಬಳ್ಳಿಯಲ್ಲಿ ಇರುವಾಗಲೇ.

ಆದರೆ ಬೂಷ್ಟು ಹಿಡಿದ ಹಣ್ಣು ಬರೀ ಒಣದ್ರಾಕ್ಷಿ ಅಲ್ಲ. ಬೂಷ್ಟು ಜೀವ ಇರುವ ವಸ್ತು, ಅದಕ್ಕೂ ಊಟ ಬೇಕು. ಹಣ್ಣಿನ ಸಕ್ಕರೆಯನ್ನೂ ತಿನ್ನುತ್ತದೆ, ಹುಳಿಯನ್ನೂ ತಿನ್ನುತ್ತದೆ. ತಿಂದು ಗ್ಲಿಸರಾಲ್ ಬಿಡುತ್ತದೆ. ವೈನ್ ನಾಲಿಗೆಯ ಮೇಲೆ ನುಣ್ಣಗೆ, ಗಟ್ಟಿಯಾಗಿ ಅನ್ನಿಸುವುದರಲ್ಲಿ ಅದರ ಪಾಲೂ ಇದೆ. ಹೊಸ ಪರಿಮಳಗಳೂ ಹುಟ್ಟುತ್ತವೆ. ಒಣ ಏಪ್ರಿಕಾಟ್, ಜೇನು, ಕೇಸರಿ, ಶುಂಠಿ, ಕಿತ್ತಳೆ ಸಿಪ್ಪೆಯ ಮಾರ್ಮಲೇಡ್. ಮಾಮೂಲಿ ಸೆಮಿಯೋಂ ಹಣ್ಣಿನಲ್ಲಿ ಇವು ಇರುವುದಿಲ್ಲ. ಇಷ್ಟು ಸಿಹಿಯ ನಡುವೆಯೂ ಒಳ್ಳೆಯ ಸೋತೆರ್ನ್ ಮುಖ ಕಟ್ಟುವುದಿಲ್ಲ. ನೀರು ಹೋದ ಮೇಲೆ ಉಳಿದ ಹುಳಿಯೂ ಗಟ್ಟಿಯಾಗಿರುತ್ತದೆ, ಸಿಹಿಗೆ ಎದುರು ನಿಲ್ಲುತ್ತದೆ.

ಮಂಜು ಎಲ್ಲರದ್ದು, ಗುಡ್ಡ ಒಬ್ಬರದ್ದು

ಇಲ್ಲಿಗೆ ಒಂದು ಪ್ರಶ್ನೆ ಏಳಬೇಕು. ಮಂಜು ಐದೂ ಊರಿಗೆ ಬರುತ್ತದೆ. ಗಿರೋ, ರ್ಯೂಸೆಕ್, ಸ್ಯುದಿರೋ ಎಂಬ ಹೆಸರಾಂತ ಎಸ್ಟೇಟ್‌ಗಳು ಹತ್ತಿರದಲ್ಲೇ ಇವೆ. ಅವರದ್ದೂ ಅದೇ ತಳಿ, ಅದೇ ಬೂಷ್ಟು. ಹಾಗಾದರೆ ಡಿಕೆಮ್ ಮಾತ್ರ ಯಾಕೆ ಬೇರೆಯದೇ ಸಾಲಿನಲ್ಲಿ ನಿಲ್ಲುತ್ತದೆ?

ಫ್ರಾನ್ಸಿನವರು ಇಂಥ ಪ್ರಶ್ನೆಗೆ ಟೆರ್ವಾರ್ ಎಂದು ಉತ್ತರ ಕೊಡುತ್ತಾರೆ. ಒಂದು ಜಾಗದ ಮಣ್ಣು, ಇಳಿಜಾರು, ನೀರು, ಹವೆ, ತಳಿ, ಅಲ್ಲಿಯವರ ರೂಢಿ ಎಲ್ಲ ಸೇರಿ ಬೆಳೆಗೆ ಕೊಡುವ ಗುಣ ಅದು. ಈ ಮಾತನ್ನು ವೈನ್ ಮಾರುವವರು ಬೇಕಾಬಿಟ್ಟಿ ಬಳಸುವುದುಂಟು. ಮಣ್ಣಿನ ಹೆಸರು ಹೇಳಿ ಸುಮ್ನೆ ಬೆಲೆ ಏರಿಸುವುದೂ ಉಂಟು. ಆದರೆ ಡಿಕೆಮ್ ವಿಷಯದಲ್ಲಿ ಅದನ್ನು ಬಿಡಿಸಿ ನೋಡಬಹುದು.

ಮೊದಲನೆಯದು ಎತ್ತರ. ಡಿಕೆಮ್ ಇರುವುದು ಸುತ್ತಲಿನ ಜಾಗವನ್ನೆಲ್ಲ ನೋಡುವಂಥ ಒಂದು ಗುಡ್ಡದ ಮೇಲೆ. ಗುಡ್ಡ ಅಂದರೆ ನಮ್ಮ ಮಲೆನಾಡಿನ ಗುಡ್ಡದಷ್ಟು ದೊಡ್ಡದಲ್ಲ, ಸಮುದ್ರ ಮಟ್ಟದಿಂದ 100 ಮೀಟರ್ ಕೂಡ ಇಲ್ಲ. ಆದರೂ ಆ ತಗ್ಗು ನಾಡಿನಲ್ಲಿ ಅದು ಎತ್ತರವೇ. ಮೇಲಿರುವುದರಿಂದ ಗಾಳಿ ಚೆನ್ನಾಗಿ ಆಡುತ್ತದೆ. ಅದರಲ್ಲೂ ಪೂರ್ವದಿಂದ ಬರುವ ಒಣಗಾಳಿ ಬೂಷ್ಟು ಹಿಡಿದ ಕಾಳನ್ನು ಚೆನ್ನಾಗಿ ಒಣಗಿಸುತ್ತದೆ. ತೇವ ಎಲ್ಲರಿಗೂ ಸಿಗುತ್ತದೆ, ಒಣಗುವ ಅನುಕೂಲ ಮಾತ್ರ ಗುಡ್ಡಕ್ಕೆ ಜಾಸ್ತಿ.

ಎರಡನೆಯದು ಮಣ್ಣು. ಮೇಲೆ ಉರುಟು ಕಲ್ಲು, ದಪ್ಪ ಮರಳು. ಹಗಲಿನ ಕಾವನ್ನು ಇವು ಹಿಡಿದಿಟ್ಟುಕೊಂಡು ಹಣ್ಣು ಚೆನ್ನಾಗಿ ಮಾಗಲು ನೆರವಾಗುತ್ತವೆ. ಕೆಳಗೆ ಜೇಡಿಮಣ್ಣು. ಅದು ನೀರನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಎಷ್ಟು ದಿನ ಮಳೆ ಬರದಿದ್ದರೂ ಬೇರು ಕೆಳಗಿಳಿದು ನೀರು ಕುಡಿಯುತ್ತದೆ. ಬಳ್ಳಿ ಬಾಡುವುದಿಲ್ಲ, ಹಣ್ಣು ಮಾಗುವುದು ಅರ್ಧಕ್ಕೆ ನಿಲ್ಲುವುದಿಲ್ಲ.

ಕೇಳಲು ಚೆನ್ನಾಗಿದೆ. ಆದರೆ ಜೇಡಿಮಣ್ಣಿನಿಂದ ತೊಂದರೆಯೂ ಇದೆ. ಮಳೆಗಾಲದಲ್ಲಿ ನೀರು ಇಳಿಯದೆ ನಿಂತುಬಿಡುತ್ತದೆ, ಬೇರು ಕೊಳೆಯುತ್ತದೆ. ಇದಕ್ಕಾಗಿ 19ನೇ ಶತಮಾನದಲ್ಲಿ ಡಿಕೆಮ್‌ನವರು ಒಂದು ದೊಡ್ಡ ಕೆಲಸ ಮಾಡಿಸಿದರು. ತೋಟದ ನೆಲದಡಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿಸಿದರು. ಒಟ್ಟು ಉದ್ದ ಸುಮಾರು 100 ಕಿಲೋಮೀಟರ್. ಹೆಚ್ಚಾದ ನೀರು ಅದರಲ್ಲಿ ಹರಿದು ಹೋಗುತ್ತದೆ, ಬೇಕಾದಷ್ಟು ಜೇಡಿಯಲ್ಲಿ ಉಳಿಯುತ್ತದೆ.

ನನಗೆ ಈ ಎಸ್ಟೇಟಿನ ಬಗ್ಗೆ ಅತ್ಯಂತ ಮುಖ್ಯ ಅನ್ನಿಸುವ ಸಂಗತಿ ಈ ಕೊಳವೆಗಳೇ. ಪ್ರವಾಸಿಗರು ಕೋಟೆಯಂಥ ಬಂಗಲೆಯ ಫೋಟೋ ತೆಗೆಯುತ್ತಾರೆ, ಮಂಜಿನ ಫೋಟೋ ತೆಗೆಯುತ್ತಾರೆ. ಕೊಳವೆ ಯಾರಿಗೂ ಕಾಣುವುದಿಲ್ಲ. ಆದರೆ ಅದಿಲ್ಲದೆ ಆ ಜೇಡಿಮಣ್ಣು ವರವಾಗುತ್ತಿರಲಿಲ್ಲ. ಟೆರ್ವಾರ್ ಅಂದರೆ ದೇವರು ಕೊಟ್ಟ ಮಣ್ಣು ಅಂತ ಮಾತಾಡುವುದು ಸುಲಭ. ಇಲ್ಲಿ ನೋಡಿದರೆ ಅದರಲ್ಲಿ ಒಂದು ದೊಡ್ಡ ಪಾಲು ಕೂಲಿಯವರು ಅಗೆದ ಕಾಲುವೆಗಳದ್ದು. ಅಷ್ಟು ಕೊಳವೆ ಹಾಕಿಸಲು ದುಡ್ಡಿರುವ ಮಾಲೀಕರು ಬೇಕಿತ್ತು. ನಾಲ್ಕೈದು ವರ್ಷದ ಲಾಭ ನೋಡಿ ಮಾರಿಹೋಗುವವರು ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ. ಹಾಗಾಗಿ ಮಾಲೀಕರ ಕಥೆಯನ್ನೂ ಹೇಳಲೇಬೇಕು.

ನಾನೂರು ವರ್ಷ, ಎರಡು ಮನೆತನ

1152ರಲ್ಲಿ, ಬೋರ್ಡೊ ಸೇರಿದ್ದ ಅಕ್ವಿಟೇನ್ ಸೀಮೆಯ ಒಡತಿ ಎಲಿನಾರ್, ಮುಂದೆ ಇಂಗ್ಲೆಂಡಿನ ರಾಜನಾದ ಹೆನ್ರಿಯನ್ನು ಮದುವೆಯಾದಳು. ಈ ಸೀಮೆ ಇಂಗ್ಲಿಷ್ ರಾಜರ ಕೈಗೆ ಹೋಯಿತು. ಬೋರ್ಡೊ ವೈನ್ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವ ಪದ್ಧತಿ ಬೆಳೆದದ್ದು ಆ ಕಾಲದಲ್ಲಿ. 1453ರಲ್ಲಿ ಕಾಸ್ತಿಯೋಂ ಯುದ್ಧ ಗೆದ್ದು ಫ್ರಾನ್ಸ್ ಇದನ್ನು ವಾಪಸ್ ಪಡೆಯಿತು. 1593ರಲ್ಲಿ ಜಾಕ್ ಸೋವಾಜ್ ಎಂಬವನಿಗೆ ಡಿಕೆಮ್ ಜಮೀನಿನ ಮೇಲೆ ಹಕ್ಕು ಸಿಕ್ಕಿತು. ಸೋವಾಜ್ ಮನೆತನದವರು ಬಂಗಲೆ ಕಟ್ಟಿಸಿದರು, ಸುತ್ತಲಿನ ತುಂಡು ತುಂಡು ಜಮೀನನ್ನು ಒಟ್ಟು ಮಾಡಿದರು. 1711ರಲ್ಲಿ ಪೂರ್ತಿ ಮಾಲೀಕರಾದರು.

ಬೂಷ್ಟು ಹಿಡಿದ ಹಣ್ಣಿನ ವೈನ್ ಮಾಡಲು ಶುರು ಮಾಡಿದ್ದು ಯಾವಾಗ? ಇದಕ್ಕೆ ಊರಲ್ಲಿ ಒಂದು ಕಥೆ ಇದೆ. 1847ರಲ್ಲಿ ಡಿಕೆಮ್‌ನ ಒಡೆಯ ರಷ್ಯಾಕ್ಕೆ ಹೋಗಿದ್ದನಂತೆ, ನಾನು ಬರುವ ತನಕ ಕೊಯ್ಲು ಬೇಡ ಅಂದಿದ್ದನಂತೆ. ಬರುವುದು ತಡವಾಗಿ ಹಣ್ಣಿಗೆಲ್ಲ ಬೂಷ್ಟು ಹಿಡಿಯಿತಂತೆ. ಬಿಸಾಡುವುದು ಯಾಕೆ ಅಂತ ಹಿಂಡಿದರೆ ಅಮೃತದಂಥ ವೈನ್ ಬಂತಂತೆ. ಕೇಳಲು ಸೊಗಸಾಗಿದೆ, ಆದರೆ ನಿಜವಲ್ಲ. 1666ರ ಒಂದು ಒಪ್ಪಂದ ಪತ್ರದಲ್ಲೇ, ಈ ಕಡೆ ಅಕ್ಟೋಬರ್ 15ರ ಸುಮಾರಿಗೆ ಮೊದಲು ಕೊಯ್ಲು ಮಾಡುವ ರೂಢಿಯಿಲ್ಲ ಎಂಬ ಮಾತಿದೆ. ಬೇರೆ ಕಡೆ ಕೊಯ್ಲು ಮುಗಿದರೂ ಇಲ್ಲಿಯವರು ಕಾಯುತ್ತಿದ್ದರು ಅಂತ ಆಯಿತಲ್ವಾ? ಆ ಕಾಲದಲ್ಲಿ ಸಿಹಿಯಾದ ಬಿಳಿ ವೈನ್‌ಗೆ ಡಚ್ ವ್ಯಾಪಾರಿಗಳಿಂದ ಒಳ್ಳೆಯ ಬೇಡಿಕೆ ಇತ್ತು. ಒಬ್ಬನ ಆಕಸ್ಮಿಕದಿಂದ ಅಲ್ಲ, ಎಷ್ಟೋ ಬೆಳೆಗಾರರು ವರ್ಷಗಟ್ಟಲೆ ನೋಡಿ ಕಲಿತು ಈ ಪದ್ಧತಿ ಬಂದಿರಬೇಕು. ಹೆಸರಿಲ್ಲದ ಆ ಜನರ ಕಥೆ ನನಗೆ ರಷ್ಯಾದ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

1785ರಲ್ಲಿ ಮನೆಮಗಳು ಫ್ರಾಂಸ್ವಾಸ್ ಜೋಸೆಫೀನ್ ಡಿ ಸೋವಾಜ್, ಕೌಂಟ್ ಲೂಯಿ ಅಮೆದೆ ಡಿ ಲ್ಯೂರ್-ಸಾಲ್ಯೂಸ್ ಎಂಬವನನ್ನು ಮದುವೆಯಾದಳು. ಮೂರು ವರ್ಷಕ್ಕೇ ಗಂಡ ಕುದುರೆಯಿಂದ ಬಿದ್ದು ತೀರಿಕೊಂಡ. ಆಗ ಅವಳಿಗೆ ಸುಮಾರು 20 ವರ್ಷ. ಮರುವರ್ಷ ಫ್ರೆಂಚ್ ಕ್ರಾಂತಿ. ಜಮೀನ್ದಾರರ ತಲೆ ಹಾರುತ್ತಿದ್ದ ಕಾಲ. ಅವಳನ್ನು ಎರಡು ಸಲ ಜೈಲಿಗೆ ಹಾಕಿದರು. ಎರಡು ಸಲವೂ ಬದುಕಿ ಬಂದಳು, ತೋಟವನ್ನೂ ಉಳಿಸಿಕೊಂಡಳು. 1826ರಲ್ಲಿ ವೈನ್ ಇಡಲು ದೊಡ್ಡ ಉಗ್ರಾಣ ಕಟ್ಟಿಸಿದಳು. 1851ರಲ್ಲಿ ತೀರಿಕೊಳ್ಳುವ ತನಕ, ಅಂದರೆ 60 ವರ್ಷಕ್ಕೂ ಮೀರಿ, ಡಿಕೆಮ್ ಅವಳದ್ದೇ ಆಗಿತ್ತು. ನಾಲ್ಕು ಶತಮಾನದ ಈ ಕಥೆಯಲ್ಲಿ ಒಬ್ಬರ ಹೆಸರು ಮಾತ್ರ ಹೇಳಿ ಅಂದರೆ ನಾನು ಅವಳ ಹೆಸರು ಹೇಳುತ್ತೇನೆ.

ಅವಳ ಗಂಡ ಇದ್ದಾಗಲೇ ಒಬ್ಬ ದೊಡ್ಡ ಗಿರಾಕಿ ಸಿಕ್ಕಿದ್ದ. ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಮೂರನೇ ಅಧ್ಯಕ್ಷನಾದವನು. ಆಗ ಅವನು ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. 1787ರಲ್ಲಿ ಬೋರ್ಡೊಗೆ ಬಂದು ತೋಟಗಳ ಬಗ್ಗೆ ಟಿಪ್ಪಣಿ ಬರೆದುಕೊಂಡು ಹೋದ. ಅದೇ ವರ್ಷದ ಕೊನೆಗೆ 1784ರ ಡಿಕೆಮ್‌ನ 250 ಬಾಟಲಿ ತರಿಸಿಕೊಂಡ. ಅಮೆರಿಕಕ್ಕೆ ಮರಳಿದ ಮೇಲೆ 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್‌ಗೆಂದು 30 ಡಜನ್, ತನಗೆಂದು 10 ಡಜನ್ ಬಾಟಲಿಗೆ ಆರ್ಡರ್ ಕೊಟ್ಟ. ಕ್ರಾಂತಿ ನಡೆಯುತ್ತಿದ್ದ ದೇಶದಿಂದ, ವಿಧವೆಯೊಬ್ಬಳು ನಡೆಸುತ್ತಿದ್ದ ತೋಟದಿಂದ!

1855ರಲ್ಲಿ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆಂದು ಬೋರ್ಡೊ ವೈನ್‌ಗಳಿಗೆ ದರ್ಜೆ ಕೊಡುವ ಕೆಲಸ ನಡೆಯಿತು. ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ಪಟ್ಟಿ ಮಾಡಿದರು. ಸಿಹಿ ವೈನ್‌ಗಳಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಹಂಚಿದರು. ಡಿಕೆಮ್‌ಗೆ ಮಾತ್ರ ಒಂದನೇ ದರ್ಜೆಗಿಂತಲೂ ಮೇಲೆ ಒಂದು ಮೆಟ್ಟಿಲು ಮಾಡಿದರು. ಅದರ ಮೇಲೆ ಬೇರೆ ಯಾವ ಎಸ್ಟೇಟಿನ ಹೆಸರೂ ಇಲ್ಲ. ನಾಲ್ಕು ವರ್ಷದ ಮೇಲೆ, 1859ರಲ್ಲಿ, ರಷ್ಯಾದ ತ್ಸಾರ್‌ನ ತಮ್ಮ ಗ್ರ್ಯಾಂಡ್ ಡ್ಯೂಕ್ ಕಾನ್‌ಸ್ಟಂಟೈನ್ 1847ರ ಡಿಕೆಮ್‌ನ 900 ಲೀಟರ್‌ಗೆ 20,000 ಚಿನ್ನದ ಫ್ರಾಂಕ್ ಕೊಟ್ಟ.

ಮೊದಲ ಮಹಾಯುದ್ಧದಲ್ಲಿ ಬಂಗಲೆ ಸೈನಿಕರ ಆಸ್ಪತ್ರೆಯಾಯಿತು. 1968ರಿಂದ ಅಲೆಕ್ಸಾಂಡರ್ ಡಿ ಲ್ಯೂರ್-ಸಾಲ್ಯೂಸ್ ನಡೆಸಿದರು. ಆದರೆ ಮನೆತನ ದೊಡ್ಡದಾದ ಹಾಗೆ ಪಾಲುದಾರರೂ ಹೆಚ್ಚಾಗಿದ್ದರು. 1996ರಲ್ಲಿ ಅವರಲ್ಲಿ ಹಲವರು ತಮ್ಮ ಪಾಲನ್ನು ಐಷಾರಾಮಿ ವಸ್ತುಗಳ ದೊಡ್ಡ ಕಂಪನಿ ಎಲ್‌ವಿಎಂಎಚ್‌ಗೆ ಮಾರಿದರು. ಅಲೆಕ್ಸಾಂಡರ್ ವಿರೋಧಿಸಿದರು, ಕೋರ್ಟಿಗೂ ಹೋದರು. 1999ರಲ್ಲಿ ರಾಜಿಯಾಯಿತು, 2004ರ ತನಕ ಅವರೇ ಮುಂದುವರಿದರು. ಆಮೇಲೆ ಪಿಯೆರ್ ಲ್ಯುರ್ಟೋಂ ಬಂದರು. ಅಲೆಕ್ಸಾಂಡರ್ ಸುಮ್ಮನೆ ಕೂರಲಿಲ್ಲ. ಪಕ್ಕದ ಫಾರ್ಗ್‌ನಲ್ಲಿ 1472ರಿಂದ ಅವರ ಮನೆತನದ್ದೇ ಆದ ಇನ್ನೊಂದು ಎಸ್ಟೇಟ್ ಇತ್ತು. ಅಲ್ಲಿ ಅದೇ ಮಂಜಿನಲ್ಲಿ ವೈನ್ ಮಾಡುವುದನ್ನು ಮುಂದುವರಿಸಿದರು.

ಕೊಯ್ಲು

ಬೂಷ್ಟು ಗೊಂಚಲಿಗೆ ಒಂದೇ ಸಲ ಹಿಡಿಯುವುದಿಲ್ಲ. ಒಂದೇ ಗೊಂಚಲಿನಲ್ಲಿ ಒಂದು ಕಾಳು ಸುಕ್ಕಿ ಸಿದ್ಧವಾಗಿರುತ್ತದೆ, ಪಕ್ಕದ್ದು ಇನ್ನೂ ದುಂಡಗಿರುತ್ತದೆ, ಹಿಂದಿನದ್ದು ಹಾಳಾಗಿರುತ್ತದೆ. ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ನೂರಕ್ಕೂ ಹೆಚ್ಚು ಜನ ಸಣ್ಣ ಕತ್ತರಿ ಹಿಡಿದು ಸಾಲು ಸಾಲಾಗಿ ಹೋಗುತ್ತಾರೆ. ಸಿದ್ಧವಾದಷ್ಟನ್ನೇ ಕತ್ತರಿಸಿ ಉಳಿದದ್ದನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಕೆಲವು ದಿನ ಬಿಟ್ಟು ಅದೇ ಸಾಲಿಗೆ ಮತ್ತೆ ಬರುತ್ತಾರೆ. ಸಾಮಾನ್ಯವಾಗಿ ಐದಾರು ಸುತ್ತು, ಕೆಲವು ವರ್ಷ ಅದಕ್ಕೂ ಜಾಸ್ತಿ. ಕೊಯ್ಲು ನವೆಂಬರ್ ತನಕ ಎಳೆಯುವುದುಂಟು.

ಇದರಲ್ಲಿ ಜೂಜಿನ ಅಂಶ ಇದೆ. ಇವತ್ತು ಕೊಯ್ದರೆ ಸಿಕ್ಕಿದ್ದು ಸಿಕ್ಕಿತು. ಇನ್ನೂ ನಾಲ್ಕು ದಿನ ಬಿಟ್ಟರೆ ರಸ ಇನ್ನೂ ಗಟ್ಟಿಯಾಗಬಹುದು. ಆದರೆ ಮಳೆ ಬಂದರೆ ಸುಕ್ಕಿದ ಕಾಳು ನೀರು ಕುಡಿದು ಉಬ್ಬುತ್ತದೆ, ತಿಂಗಳಿಡೀ ಕಾದದ್ದು ವ್ಯರ್ಥ. ಬ್ಯಾಂಕ್ ಸಾಲ ಇರುವ ಸಣ್ಣ ಬೆಳೆಗಾರ ಇವತ್ತೇ ಕೊಯ್ಯುತ್ತಾನೆ, ಅವನನ್ನು ದೂರುವ ಹಾಗಿಲ್ಲ. ಡಿಕೆಮ್‌ಗೆ ಕಾಯುವ ಶಕ್ತಿ ಇದೆ. ಅಕ್ಕಪಕ್ಕದವರಿಗೂ ಡಿಕೆಮ್‌ಗೂ ಇರುವ ವ್ಯತ್ಯಾಸದಲ್ಲಿ ಈ ಶಕ್ತಿಯ ಪಾಲು ಮಣ್ಣಿನ ಪಾಲಿಗಿಂತ ಕಮ್ಮಿಯೇನಲ್ಲ.

ಎಷ್ಟು ವೈನ್ ಬರುತ್ತದೆ ಅಂತ ಲೆಕ್ಕ ಹಾಕೋಣ. ತೋಟದಲ್ಲಿ ಫಸಲು ಕೊಡುವ ಜಾಗ ಸುಮಾರು 100 ಹೆಕ್ಟೇರ್. ಹೆಕ್ಟೇರಿಗೆ ಸುಮಾರು 6,500 ಬಳ್ಳಿ, ಸಿಗುವ ವೈನ್ ಸರಾಸರಿ 900 ಲೀಟರ್. ಸೋತೆರ್ನ್ ಕಾನೂನಿನ ಪ್ರಕಾರ 2,500 ಲೀಟರ್ ತನಕ ತೆಗೆಯಬಹುದು. 900 ಲೀಟರನ್ನು 6,500 ಬಳ್ಳಿಗೆ ಹಂಚಿದರೆ ಬಳ್ಳಿಗೆ 140 ಮಿಲಿಲೀಟರ್ ಕೂಡ ಬರುವುದಿಲ್ಲ. ಒಂದು ಬಳ್ಳಿಗೆ ಒಂದು ಗ್ಲಾಸ್ ಅಂತ ಹೇಳುವುದು ಇದಕ್ಕೇ.

ಸುಕ್ಕಿದ ಹಣ್ಣನ್ನು ನಿಧಾನವಾಗಿ ಮೂರು ಸಲ ಹಿಂಡುತ್ತಾರೆ. ಮಾಮೂಲಿ ವೈನ್‌ನಲ್ಲಿ ಮೊದಲ ಹಿಂಡಿನ ರಸವೇ ಶ್ರೇಷ್ಠ. ಇಲ್ಲಿ ಹಾಗಲ್ಲ. ಮೊದಲ ಸಲ ಹೆಚ್ಚು ರಸ ಬರುತ್ತದೆ, ಆದರೆ ತುಂಬಾ ಸುಕ್ಕಿದ ಕಾಳಿನ ರಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೊನೆಯ ಹಿಂಡಿನಲ್ಲಿ ಬರುವುದು ಸ್ವಲ್ಪವೇ, ಸಕ್ಕರೆ ಮಾತ್ರ ಅದರಲ್ಲೇ ಜಾಸ್ತಿ.

ರಸವನ್ನು ಹೊಸ ಓಕ್ ಪೀಪಾಯಿಗಳಲ್ಲಿ ಹುದುಗಿಸುತ್ತಾರೆ. ಒಂದು ಪೀಪಾಯಿಗೆ 225 ಲೀಟರ್. ರಸದಲ್ಲಿ ಲೀಟರಿಗೆ ಸುಮಾರು 350 ಗ್ರಾಂ ಸಕ್ಕರೆ ಇರುತ್ತದೆ ಅಂತಿಟ್ಟುಕೊಳ್ಳಿ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಒಂದು ಶೇಕಡಾ ಆಲ್ಕೋಹಾಲ್‌ಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. ಆಲ್ಕೋಹಾಲ್ ಶೇಕಡಾ 13.5ರ ಸುಮಾರಿಗೆ ಬರುವಾಗ 230 ಗ್ರಾಂ ಸಕ್ಕರೆ ಮುಗಿದಿರುತ್ತದೆ. ಆ ಹೊತ್ತಿಗೆ ತಾನೇ ಮಾಡಿದ ಆಲ್ಕೋಹಾಲ್‌ನಲ್ಲಿ ಯೀಸ್ಟ್‌ಗೆ ಉಸಿರು ಕಟ್ಟಿ ಕೆಲಸ ನಿಲ್ಲುತ್ತದೆ. ಉಳಿದ 120 ಗ್ರಾಂ ಸಕ್ಕರೆ ವೈನ್‌ನಲ್ಲೇ ಉಳಿಯುತ್ತದೆ. ಡಿಕೆಮ್‌ನ ಸಿಹಿ ಇಷ್ಟೇ, ಹೊರಗಿನಿಂದ ಸೇರಿಸಿದ್ದು ಏನೂ ಇಲ್ಲ.

ಹಿಂದೆ ಪೀಪಾಯಿಯಲ್ಲಿ ಮೂರೂವರೆ ವರ್ಷ ಇಡುತ್ತಿದ್ದರು, ಈಗ ಸುಮಾರು ಎರಡು ವರ್ಷ. ಬೇರೆ ಬೇರೆ ದಿನ ಕೊಯ್ದದ್ದನ್ನು ಬೇರೆ ಬೇರೆಯಾಗಿಯೇ ಇಟ್ಟು, ರುಚಿ ನೋಡಿ, ಒಪ್ಪಿದ ಪೀಪಾಯಿಗಳನ್ನು ಮಾತ್ರ ಬೆರೆಸುತ್ತಾರೆ. ಒಪ್ಪದ್ದನ್ನು ಹೆಸರಿಲ್ಲದೆ ಸಗಟಾಗಿ ಮಾರಿಬಿಡುತ್ತಾರೆ. ಯಾವ ಪೀಪಾಯಿಯೂ ಒಪ್ಪಿಗೆಯಾಗದ ವರ್ಷ 2012ರಂಥ ವರ್ಷ.

ಬಾಟಲಿಗೆ ಹೋದ ಮೇಲೂ ಅದು ಬೆಳೆಯುತ್ತಲೇ ಇರುತ್ತದೆ. ಸಕ್ಕರೆ, ಹುಳಿ, ಆಲ್ಕೋಹಾಲ್ ಮೂರೂ ಅದನ್ನು ಕೆಡದಂತೆ ಕಾಯುತ್ತವೆ. ತಿಳಿ ಹಳದಿ ಬಣ್ಣ ಹೊಂಬಣ್ಣವಾಗಿ, ಆಮೇಲೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ಒಳ್ಳೆಯ ವರ್ಷದ ಬಾಟಲಿ ನೂರು ವರ್ಷ ಬಾಳುವುದೂ ಉಂಟು. 2011ರಲ್ಲಿ 1811ರ ಡಿಕೆಮ್‌ನ ಒಂದು ಬಾಟಲಿ 75,000 ಪೌಂಡ್‌ಗೆ ಮಾರಾಟವಾಯಿತು.

ಇಷ್ಟಾದರೂ ಸೋತೆರ್ನ್ ಸೀಮೆಯ ಪರಿಸ್ಥಿತಿ ಇವತ್ತು ಅಷ್ಟು ಸುಖವಾಗಿಲ್ಲ. ಸಿಹಿ ವೈನ್ ಕುಡಿಯುವವರು ಕಮ್ಮಿಯಾಗಿದ್ದಾರೆ. ಹಲವು ಎಸ್ಟೇಟ್‌ಗಳು ಅದೇ ದ್ರಾಕ್ಷಿಯನ್ನು ಬೂಷ್ಟು ಹಿಡಿಯುವ ಮೊದಲೇ ಕೊಯ್ದು ಸಿಹಿಯಿಲ್ಲದ ಬಿಳಿ ವೈನ್ ಮಾಡುತ್ತಿವೆ. ಡಿಕೆಮ್ ಕೂಡ 1959ರಲ್ಲೇ ಇಗ್ರೆಕ್ ಎಂಬ ಹೆಸರಿನಲ್ಲಿ ಅಂಥದ್ದೊಂದನ್ನು ಶುರು ಮಾಡಿತ್ತು, 2004ರಿಂದ ಪ್ರತಿ ವರ್ಷ ಮಾಡುತ್ತಿದೆ. ಇದನ್ನು ಕೆಲವರು ಒಳ್ಳೆಯ ಬದಲಾವಣೆ ಅನ್ನುತ್ತಾರೆ. ಬೆಳೆಗಾರನ ಹೊಟ್ಟೆಪಾಡು ನೋಡಿದರೆ ಹೌದು. ಆದರೆ ಸಿಹಿಯಿಲ್ಲದ ಬಿಳಿ ವೈನ್ ಜಗತ್ತಿನ ಸಾವಿರ ಕಡೆ ಆಗುತ್ತದೆ. ಬೂಷ್ಟಿನ ವೈನ್ ಈ ಮಟ್ಟಕ್ಕೆ ಆಗುವ ಜಾಗಗಳು ಬೆರಳೆಣಿಕೆಯಷ್ಟು. ಅದು ಕಮ್ಮಿಯಾದರೆ ನನಗೆ ನಿಜಕ್ಕೂ ಬೇಸರ.

ಇನ್ನೊಂದು ಚಿಂತೆ ಸಿರೋನ್ ನದಿಯದ್ದು. ಬೋರ್ಡೊದಿಂದ ದಕ್ಷಿಣಕ್ಕೆ ಹೈಸ್ಪೀಡ್ ರೈಲು ಮಾರ್ಗ ಹಾಕುವ ಯೋಜನೆ ಇದೆ. ಅದು ಸಿರೋನ್ ಕಣಿವೆಯನ್ನು ದಾಟಿ ಹೋಗುತ್ತದೆ. ಸೋತೆರ್ನ್ ಬೆಳೆಗಾರರು ಇದನ್ನು ವಿರೋಧಿಸುತ್ತಿದ್ದಾರೆ. ಅವರ ತೋಟದ ಒಂದು ಬಳ್ಳಿಯೂ ಹೋಗದಿದ್ದರೂ ಸರಿ, ದಂಡೆಯ ಮರ ಕಡಿದು ನೀರಿಗೆ ಬಿಸಿಲು ಬಿದ್ದರೆ ನೀರು ಬೆಚ್ಚಗಾಗುತ್ತದೆ, ಮಂಜು ಕಮ್ಮಿಯಾಗುತ್ತದೆ ಎಂಬುದು ಅವರ ವಾದ. ಡಿಕೆಮ್ ತನ್ನ ಗುಡ್ಡದಡಿ ಎಷ್ಟು ಕೊಳವೆ ಬೇಕಾದರೂ ಹೂಳಬಹುದು. ಬೇಲಿಯಾಚೆಗಿನ ಆ ನದಿ, ಅದರ ಮೇಲಿನ ನೆರಳು ಮಾತ್ರ ಅದರ ಕೈಯಲ್ಲಿಲ್ಲ.